ಟೀಚರ್ ಮನೆಯ ಹಾಲಿನ ಕವರು

ಮಲಬಾರಿನ ಈ ಮೂಲೆಯಲ್ಲಿರುವ ನಮ್ಮ ವಾರ್ಡಿನಲ್ಲಿ ಮುನ್ನೂರ ಹನ್ನೆರಡು ಮನೆ. ತಿಂಗಳಿಗೊಮ್ಮೆ ಪಂಚಾಯಿತಿ ಕೊಟ್ಟ ಹಸಿರು ಕೋಟು ತೊಟ್ಟು ನಾನು ಮತ್ತು ರೋಹಿಣಿ ಮನೆಮನೆಗೆ ಹೋಗಿ ಪ್ಲಾಸ್ಟಿಕ್ ಎತ್ತುತ್ತೇವೆ. ಎಲ್ಲರ ಬಂಡವಾಳವೂ ನಮಗೆ ಗೊತ್ತು. ಯಾರು ವಾರಕ್ಕೆ ನಾಲ್ಕು ಚೂಡಿದಾರ್ ತರಿಸಿ ಮೂರನ್ನು ತೊಡದೇ ಇಡುತ್ತಾರೆ, ಯಾರ ಮನೆಯಲ್ಲಿ ಅಡುಗೆ ಒಲೆ ಹೊತ್ತಿ ಎಷ್ಟು ದಿನವಾಯಿತು, ಕೇಳಿ, ಹೇಳುತ್ತೇನೆ. ಮೀನಿನ ನೀರು ಸುರಿಯುವ ಚೀಲವನ್ನು ಕೈಗಿಟ್ಟು, "ಇದೂ ಇರ್ಲಿ ಚೇಚಿ" ಎಂದು ಅಕ್ಕನ ವರಸೆ ಹಚ್ಚುವ ಮಹಾರಾಯರೂ ಇದ್ದಾರೆ.

ಕಾರ್ತ್ಯಾಯನಿ ಟೀಚರ್ ಮಾತ್ರ ಬೇರೆ. ಹಾಲಿನ ಕವರಿನ ಮೂಲೆಯನ್ನು ಪೂರ್ತಿ ಕತ್ತರಿಸದೆ, ಚೂರು ಕವರಿಗೇ ಅಂಟಿಕೊಂಡಿರುವಂತೆ ಸೀಳುತ್ತಾರೆ. ತೊಳೆದು, ಬಟ್ಟೆಯ ಹಗ್ಗಕ್ಕೆ ಕ್ಲಿಪ್ ಹಾಕಿ ಒಣಗಿಸಿ, ಹತ್ತು ಹತ್ತರಂತೆ ಬಾಳೆನಾರಿನಲ್ಲಿ ಕಟ್ಟಿಡುತ್ತಾರೆ. ಐದು ವರ್ಷದ ಹಿಂದೆ ಇದನ್ನೆಲ್ಲ ಹೇಳಿಕೊಟ್ಟವಳು ನಾನೇ.

"ಇಷ್ಟೆಲ್ಲ ತೊಳೆದು ಕೊಟ್ಟಿದ್ದು ನಿಜವಾಗ್ಲೂ ಎಲ್ಲಿಗೆ ಹೋಗತ್ತೆ ಪ್ರಸನ್ನಾ?" ಎಂದು ಆಗ ಕೇಳಿದ್ದರು.

"ಕಾರ್ಖಾನೆಗೆ ಟೀಚರೇ. ನಾನಿದೀನಲ್ಲ, ನಂಬಿ" ಎಂದಿದ್ದೆ. ನಂಬಿದರು.

ಹೋದ ತಿಂಗಳು ಹಳೇ ಕೆಂಪುಕಲ್ಲಿನ ಕ್ವಾರಿಯ ನೀರಿನಲ್ಲಿ ಇಪ್ಪತ್ತು ಮೂಟೆ ಪ್ಲಾಸ್ಟಿಕ್ ತೇಲಿತು. ಕಸ ಎಸೆದವರನ್ನು ಹಿಡಿಯಲು ನಮ್ಮಲ್ಲಿ ಇರುವ ದಾರಿ ಒಂದೇ, ಕಸ ಕೆದಕಿ ವಿಳಾಸ ಹುಡುಕುವುದು. ಆರೋಗ್ಯ ಇನ್ಸ್‌ಪೆಕ್ಟರ್ ಕೋಲು ಹಿಡಿದು ಕೆದಕಿದರು. ಮೊಣಕಾಲು ನೋವಿನ ಎಣ್ಣೆ ಬಂದಿದ್ದ ಕೊರಿಯರ್ ಕವರೊಂದು ಸಿಕ್ಕಿತು. ಅದರ ಮೇಲೆ ಕಾರ್ತ್ಯಾಯನಿ ಟೀಚರ ಹೆಸರು, ಮನೆ ನಂಬರು. ಸಂಜೆಯೊಳಗೆ ಅವರಿಗೆ ಹತ್ತು ಸಾವಿರ ದಂಡದ ನೋಟಿಸು ಹೋಯಿತು, ವಾರ್ಡಿನ ವಾಟ್ಸಾಪ್ ಗುಂಪಿಗೆ ಫೋಟೋ ಬಂತು. "ಪಾಠ ಊರಿಗೆ, ಕಸ ಕ್ವಾರಿಗೆ" ಎಂದು ಒಬ್ಬ ಬರೆದ. ಅವನು ಅಕ್ಷರ ಕಲಿತದ್ದೂ ಅವರ ಬಳಿಯೇ.

ನಾನು ಫೋಟೋ ದೊಡ್ಡದು ಮಾಡಿ ನೋಡಿದೆ. ಕೊರಿಯರ್ ಕವರಿನ ಪಕ್ಕದಲ್ಲಿ ಬಾಳೆನಾರಿನ ಕಟ್ಟು. ಅದನ್ನು ಕೈಯಾರೆ ಮೂಟೆಗೆ ತುಂಬಿದವಳು ನಾನು. ಮೂಟೆ ಹೋದದ್ದು ಲಾರಿ ಬರುವ ತನಕ ಕೂಡಿಡುವ ನಮ್ಮ ಶೆಡ್ಡಿಗೆ. ಶೆಡ್ಡಿನ ಬೀಗದ ಕೈ ಇರುವುದು ರೋಹಿಣಿಯ ಬಳಿ.

ಒಂದೇ ಡಬ್ಬಿಯ ಮರಗೆಣಸು ತಿಂದವರು ನಾವು. ನನ್ನ ಮಗಳ ಹೆರಿಗೆಯಲ್ಲಿ ನನಗಿಂತ ಹೆಚ್ಚು ಆಸ್ಪತ್ರೆ ಸುತ್ತಿದವಳು ಅವಳು. ಶೆಡ್ಡಿಗೆ ಹೋದಾಗ ಹರಿದ ಚಪ್ಪಲಿಗಳನ್ನು ಬೇರೆ ಮಾಡುತ್ತ ಕೂತಿದ್ದಳು.

"ಏನೇ ಇದು ರೋಹಿಣಿ?"

"ಕಾರ್ಖಾನೆ ಲಾರಿ ಬಂದು ಎರಡು ತಿಂಗಳಾಯ್ತು. ಶುಚಿ ವಾರ್ಡು ಅಂತ ಬೋರ್ಡು ಹಾಕೋಕೆ ದೊಡ್ಡೋರು ಬರ್ತಾರೆ, ಶೆಡ್ಡು ಖಾಲಿ ಮಾಡಿ ಅಂತ ವಾರ್ಡ್ ಮೆಂಬರು ಪ್ರಾಣ ತಿಂದ್ರು. ಭಾವನ ಗಾಡೀಲಿ ಹಾಕಿ ಕಳಿಸ್ದೆ. ಎಲ್ಲಿ ಇಳಿಸ್ತಾನೆ ಅಂತ ಕೇಳ್ಲಿಲ್ಲ."

"ಕೇಳೋಕೆ ಬಾಯಿ ಬರ್ಲಿಲ್ವಾ? ಹೋಗ್ಲಿ, ಟೀಚರ್ ಎಸೆದಿದ್ದಲ್ಲ ಅಂತ ಇನ್ಸ್‌ಪೆಕ್ಟರಿಗಾದ್ರೂ ಹೇಳಿದ್ಯಾ?"

ಅವಳು ಚಪ್ಪಲಿಯಿಂದ ಕಣ್ಣೆತ್ತಲಿಲ್ಲ. "ಆ ಮನೆಯೋರು ಈ ತಿಂಗಳು ನಮಗೇನೂ ಕೊಟ್ಟೇ ಇಲ್ಲ ಅಂದೆ. ಪಿಂಚಣಿ ಬರತ್ತಲ್ಲ, ಕಟ್ಕೋತಾರೆ ಬಿಡು. ನಮ್ಮ ಕೆಲಸ ಹೋದ್ರೆ ಯಾರು ಕೊಡ್ತಾರೆ?"

ಮೂಟೆ ಎಸೆದದ್ದನ್ನು ಬೈದು, ಅತ್ತು, ನುಂಗಿಕೊಳ್ಳುತ್ತಿದ್ದೆನೋ ಏನೋ. ಈ ಸುಳ್ಳು ಗಂಟಲಲ್ಲಿ ಇಳಿಯಲಿಲ್ಲ. ಬಾಯಿಗೆ ಬಂದದ್ದೆಲ್ಲ ಅಂದು ಹೊರಟೆ.

ಟೀಚರ್ ಜಗಲಿಯ ಮೇಲೆ ನೋಟಿಸು ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಬಾಗಿಲ ಹಿಂದಿನ ಮೊಳೆಯಿಂದ ಮನೆ ಕಾರ್ಡನ್ನು ಇಳಿಸಿ ತೋರಿಸಿದರು. ತಿಂಗಳು ತಿಂಗಳು ಪ್ಲಾಸ್ಟಿಕ್ ತಗೊಂಡಾಗ ನಾವು ಸಹಿ ಹಾಕುವ ಕಾರ್ಡು. ಹೋದ ತಿಂಗಳ ಚೌಕದಲ್ಲಿ ನನ್ನದೇ ಸೊಟ್ಟ ಸಹಿ.

"ಇದು ನಿನ್ನದೇ ಅಲ್ವಾ ಮಗಳೇ? ನನಗೇ ಅನುಮಾನ ಬರೋ ಹಾಗಾಯ್ತು, ನಾನೇ ಎಲ್ಲಾದ್ರೂ ಬಿಸಾಕಿದ್ನಾ ಅಂತ."

ಆ ಮಾತು ಕೇಳಿ ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಕಾರ್ಡು ತಗೊಂಡು ನೇರ ಪಂಚಾಯಿತಿ ಆಫೀಸಿಗೆ ನಡೆದೆ. ಇನ್ಸ್‌ಪೆಕ್ಟರ್, ಮೆಂಬರು, ಕರೆಸಿದ ರೋಹಿಣಿ, ಎಲ್ಲರೆದುರು ಹೇಳಿದೆ. "ಸಹಿ ನಂದು. ಕಟ್ಟು ತಗೊಂಡವಳು ನಾನು. ಕ್ವಾರಿಗೆ ಹೋಗಿದ್ದು ನಮ್ಮ ಶೆಡ್ಡಿಂದ."

ಟೀಚರ ದಂಡ ರದ್ದಾಯಿತು. ರೋಹಿಣಿಯ ಕೆಲಸ ಹೋಯಿತು. "ಟೀಚರಿಗೋಸ್ಕರ ನನ್ನ ಕತ್ತು ಕುಯ್ದೆಯಲ್ಲೇ" ಎಂದು ಹೊರಗೆ ಹೋಗುವಾಗ ಅಂದಳು. ಮೆಂಬರಿಗೆ ಏನೂ ಆಗಲಿಲ್ಲ. ವಾಟ್ಸಾಪ್ ಗುಂಪಿನಲ್ಲಿ ಯಾರೂ ತಪ್ಪಾಯಿತು ಎನ್ನಲಿಲ್ಲ, ಮರುದಿನ ಬೆಳಗ್ಗೆ ಎಂದಿನಂತೆ ಗುಲಾಬಿ ಹೂವಿನ ಶುಭೋದಯ ಬಂತು.

ಈ ತಿಂಗಳು ನಾನೊಬ್ಬಳೇ ಮೂಟೆ ಹೊತ್ತು ಟೀಚರ ಮನೆಗೆ ಹೋದೆ. ಕೂರಿಸಿ ಕಪ್ಪು ಚಹಾ ಕೊಟ್ಟರು, ನನ್ನ ಮಗಳ ಮಗುವಿನ ಬಗ್ಗೆ ವಿಚಾರಿಸಿದರು. ಹಾಲಿನ ಕವರುಗಳು ಎಂದಿನಂತೆ ತೊಳೆದು ಒಣಗಿಸಿ ಕಟ್ಟಿದ್ದವು. ಏನೂ ಬದಲಾಗಿಲ್ಲ ಎಂದು ಜೀವಕ್ಕೆ ಸಮಾಧಾನವಾಯಿತು.

ಮೂಟೆಗೆ ತುಂಬುವಾಗ ಕೈ ನಿಂತಿತು. ಎರಡು ಕೊರಿಯರ್ ಕವರು, ಒಂದು ಔಷಧಿ ಚೀಲ. ಮೂರರಲ್ಲೂ ಹೆಸರು ವಿಳಾಸ ಇದ್ದ ಜಾಗವನ್ನು ಕತ್ತರಿಯಿಂದ ಚೌಕವಾಗಿ ಕತ್ತರಿಸಿ ತೆಗೆದಿದ್ದರು.

"ಟೀಚರೇ, ನಾನೇ ಹೋಗಿ ಎಲ್ಲಾ ಹೇಳಿದ್ನಲ್ಲ..."

"ಹೇಳಿದ್ದೀಯ ಮಗಳೇ. ನಿನ್ನ ಮೇಲೆ ನನಗೇನೂ ಕೋಪ ಇಲ್ಲ." ಖಾಲಿ ಲೋಟ ಎತ್ತಿಕೊಳ್ಳುತ್ತ ಮೆಲ್ಲಗೆ ಅಂದರು, "ಮುಂದಿನ ಸಲ ಎಲ್ಲಾದ್ರೂ ಸಿಕ್ಕಿದಾಗ ಅದರಲ್ಲಿ ನನ್ನ ಹೆಸರು ಇರೋದು ಬೇಡ, ಅಷ್ಟೇ."

ಮುಂದಿನ ಸಲ ಹಾಗಾಗುವುದಿಲ್ಲ ಎನ್ನಲು ಬಾಯಿ ತೆರೆದೆ. ಐದು ವರ್ಷದ ಹಿಂದೆ ಇದೇ ಬಾಯಿಂದ "ನಂಬಿ" ಎಂದದ್ದು ನೆನಪಾಯಿತು. ಕಾರ್ಡಿಗೆ ಸಹಿ ಹಾಕಿ ಮೂಟೆ ಎತ್ತಿಕೊಂಡೆ.