ಕೊನೆಯ ಕಾರಿನ ಬಾಗಿಲು

ನಮ್ಮ ಕಾರ್ಖಾನೆಯಲ್ಲಿ ತಯಾರಾಗುವುದು ಹದಿನೆಂಟೇ ಕಾರು. ಇನ್ನೊಂದು ಬೇಕೆಂದು ಯಾರು ತಲೆಕೆಳಗಾಗಿ ನಿಂತರೂ ಸಿಗುವುದಿಲ್ಲ. ರೇಸಿನ ಎಂಜಿನ್ ಇಟ್ಟುಕೊಂಡು ರಸ್ತೆಯಲ್ಲಿ ಓಡುವ ಕಾರು. ಅದಕ್ಕೆ ಬೆಲೆ ಕಟ್ಟುವವಳು ನಾನು. ತಗಡು, ಎಂಜಿನ್, ಟಯರು, ಕೂಲಿ ಎಲ್ಲ ಕೂಡಿಸಿದ ಮೇಲೆ 'ಇನ್ನು ಮಾಡುವುದಿಲ್ಲ' ಅನ್ನುವ ಮಾತಿಗೆ ಬೇರೆ ದುಡ್ಡು. ಇಡೀ ಕಾರಿನಲ್ಲಿ ಅದೇ ಎಲ್ಲಕ್ಕಿಂತ ದುಬಾರಿ ಸಾಮಾನು. ನಗಬೇಡಿ, ಜನ ಕೊಳ್ಳುವುದು ಅದನ್ನೇ.

ಆ ಮಾತಿಗೆ ಸಾಕ್ಷಿ ಬೇಕಲ್ಲ? ಕೊನೆಯ ಕಾರು ಹೊರಬೀಳುವ ದಿನ, ಕೊಂಡವರೆಲ್ಲರ ಎದುರು ಮರದ ಅಚ್ಚನ್ನು ಕೊಯ್ದು ಹಾಕುತ್ತೇವೆಂದು ನಮ್ಮ ಯಜಮಾನರು ಮಾತು ಕೊಟ್ಟಿದ್ದರು. ಅಚ್ಚೆಂದರೆ ಕಾರಿನಷ್ಟೇ ದೊಡ್ಡ ಮರದ ಮೈ. ಅಲ್ಯೂಮಿನಿಯಂ ತಗಡನ್ನು ಬಡಿದು ಬಡಿದು, ಅದರ ಮೇಲಿಟ್ಟು ನೋಡಿ ಬಾಗು ಸರಿಮಾಡಬೇಕು. ಬಡಿಯುವವನು ನನ್ನ ಅಣ್ಣ. ಅಚ್ಚು ಮಾಡಿದವರು ನಮ್ಮ ಅಪ್ಪ. ಮೊದಲ ಕಾರು ಓಡುವುದನ್ನು ನೋಡುವ ಮೊದಲೇ ಅವರು ತೀರಿಕೊಂಡರು.

ಕೊನೆಯ ಕಾರು ಮುಗಿದರೆ ನನ್ನ ಕೆಲಸವೂ ಮುಗಿಯಿತು. ಬೇರೆ ಊರಿನ ಕಂಪನಿಯವರು ಕರೆದಿದ್ದರು. ಆದರೆ ಮುಗಿಯಬೇಕಲ್ಲ! ಉಳಿದವನ್ನೆಲ್ಲ ಹೊತ್ತಿಗೆ ಸರಿಯಾಗಿ ಮಾಡಿಕೊಟ್ಟ ಅಣ್ಣ, ಇದರ ಎಡಬಾಗಿಲಿಗೆ ಬಂದು ಕೂತುಬಿಟ್ಟ. ಬಡಿಯುತ್ತಾನೆ, ಸವರುತ್ತಾನೆ, ತಲೆಯಾಡಿಸುತ್ತಾನೆ, ತಗಡನ್ನು ಮೂಲೆಗೆಸೆದು ಹೊಸದು ಹಿಡಿಯುತ್ತಾನೆ. ನನಗೋ ಮೂಗಿನ ತುದಿಯಲ್ಲೇ ಕೋಪ. ದಿನಾ ಬೆಳಿಗ್ಗೆ ಬಂದವಳೇ ಅವನ ಬೆಂಚಿನ ಮುಂದೆ ನಿಂತು ಶುರುಮಾಡುತ್ತಿದ್ದೆ.

"ಏನಣ್ಣ ಇದು, ಬಾಗಿಲು ಮಾಡ್ತಿದೀಯೋ ಒಡವೆ ಮಾಡ್ತಿದೀಯೋ? ಯಜಮಾನ್ರಿಗೆ ನಾನೇನಂತ ಹೇಳ್ಲಿ?"

"ಬಾಗು ಇನ್ನೂ ಸರಿ ಬಂದಿಲ್ಲ ಕಣೇ."

"ನಿನ್ನ ತಲೆ!"

ಒಂದು ದಿನ ಅವನು ಅಚ್ಚಿನ ಮೇಲೆ ಕೈಯಿಟ್ಟು ಸುಮ್ಮನೆ ನಿಂತಿದ್ದು ಕಂಡಿತು. ಅಯ್ಯೋ, ನನ್ನ ಬುದ್ಧಿಗಿಷ್ಟು! ಅಪ್ಪನ ಕೈಕೆಲಸ ಗರಗಸದ ಬಾಯಿಗೆ ಹೋಗುವುದನ್ನು ನೋಡಲಾಗದೆ ಇವನು ದಿನ ತಳ್ಳುತ್ತಿದ್ದಾನೆ. ನೇರ ಯಜಮಾನರ ಕೋಣೆಗೆ ನುಗ್ಗಿ, ಅಚ್ಚು ಕೊಯ್ಯುವುದು ಬೇಡ ಅಂದೆ.

"ನೋಡಮ್ಮ, ಅಚ್ಚು ಉಳಿದ್ರೆ, ಇನ್ನೊಂದು ಕಾರು ಮಾಡಲ್ಲ ಅಂದ್ರೆ ಯಾರು ನಂಬ್ತಾರೆ? ಬೆಲೆ ಕಟ್ಟಿದವಳು ನೀನೇ," ಅಂದರು. ಅವರ ಮುಖವೂ ಸಪ್ಪಗಾಗಿತ್ತು. "ಕೊಂಡವರೆಲ್ಲ ಒಪ್ಪಿದ್ರೆ ನಂದೇನೂ ಅಡ್ಡಿಯಿಲ್ಲ. ಒಬ್ರು ಬೇಡ ಅಂದ್ರೂ ಆಗಲ್ಲ."

ದುಬಾರಿ ಬೆಲೆಗೆ ಮಾರಿದ ಮಾತನ್ನು ಪುಕ್ಕಟೆ ವಾಪಸು ಕೇಳುವುದೆಂದರೆ! ಒಬ್ಬೊಬ್ಬರಿಗೂ ಫೋನ್ ಮಾಡಿದೆ. ಅಚ್ಚು ಹಿಂದಿನ ಶೆಡ್ಡಿನಲ್ಲಿ ಬೀಗದೊಳಗಿರುತ್ತದೆ, ಅದರಿಂದ ಇನ್ನೊಂದು ಕಾರು ಹುಟ್ಟುವುದಿಲ್ಲ ಎಂದು ಆಣೆ ಮಾಡಿದೆ. ಎಲ್ಲರೂ ಹೂಂ ಅಂದರು, ಒಬ್ಬ ಹಲ್ಲಿನ ಡಾಕ್ಟರು ಮಾತ್ರ ಜಪ್ಪಯ್ಯ ಅಂದರೂ ಜಗ್ಗಲಿಲ್ಲ. ಅದಕ್ಕಂತಲೇ ದುಡ್ಡು ಕೊಟ್ಟಿದ್ದೇನೆ ಅಂದರು. ನ್ಯಾಯವೇ. ಯಾರ ಮುಂದೂ ಗೋಗರೆಯದ ನಾನು ಫೋನಿನಲ್ಲೇ ಗೊಳೋ ಎಂದು ಅತ್ತುಬಿಟ್ಟೆ. ಅವರು ಗಾಬರಿಬಿದ್ದು, "ಆಯ್ತು ಆಯ್ತು, ಅಳಬೇಡಿ," ಅಂದರು.

ಅಣ್ಣನ ಬಳಿ ಓಡಿದೆ. "ಅಣ್ಣಾ, ಅಚ್ಚು ಉಳೀತು! ಎಲ್ರೂ ಒಪ್ಪಿದ್ರು. ಇನ್ನಾದ್ರೂ ಬಾಗಿಲು ಮುಗ್ಸು."

ಅವನು ಸುತ್ತಿಗೆ ಕೆಳಗಿಟ್ಟ. "ಅದನ್ನಿಟ್ಕೊಂಡು ನಾನೇನ್ ಮಾಡ್ಲಿ? ಅಪ್ಪ ಹಳೇ ಅಚ್ಚೆಲ್ಲ ಒಡೆದು ಒಲೆಗೆ ಹಾಕ್ತಿರ್ಲಿಲ್ವಾ? ಕೊಯ್ದ್ರೆ ಕೊಯ್ಲಿ ಬಿಡು."

ಹಲ್ಲಿನ ಡಾಕ್ಟರ ಮುಂದೆ ಸುಮ್ಮನೆ ಅತ್ತೆನಲ್ಲ! ತಲೆ ಚಿಟ್ಟು ಹಿಡಿಯಿತು. "ಮತ್ತೆ ಇಷ್ಟು ದಿನ ಯಾಕೆ ಮೀನಮೇಷ ಎಣಿಸ್ತಾ ಕೂತಿದ್ದೆ?"

ಅವನು ತಗಡಿನ ಅಂಚನ್ನು ಹೆಬ್ಬೆರಳಿನಿಂದ ಉಜ್ಜುತ್ತ ನೆಲ ನೋಡಿದ. "ಇದು ಮುಗಿದ್ರೆ ನೀನು ಹೊರಟ್ಹೋಗ್ತೀಯ. ನಿನ್ನ ಅತ್ತಿಗೆ ತೀರ್ಕೊಂಡ್ಮೇಲೆ ಮನೇಲಿ ನನ್ನ ಮಾತಾಡ್ಸೋರಿಲ್ಲ. ಇಲ್ಲಿ ದಿನಾ ಬೆಳಿಗ್ಗೆ ನೀನಾದ್ರೂ ಬಂದು ಬೈತಿದ್ದೆ."

ಈ ಪೆದ್ದನ ಮೇಲೆ ನನಗೆ ಇಷ್ಟು ಪ್ರೀತಿ ಇದೆಯೆಂದು ನನಗೇ ಗೊತ್ತಿರಲಿಲ್ಲ.

"ಅಷ್ಟು ಹೇಳೋಕೆ ನಿನ್ನ ಬಾಯಿ ಬಿದ್ಹೋಗಿತ್ತಾ? ದಿನಾ ಫೋನಲ್ಲಿ ಬೈತೀನಿ. ರಜಾ ಬಂದ್ರೆ ಬಸ್ ಹತ್ತಿ ಬಂದು ಬೈತೀನಿ. ಸಾಲ್ದಾ? ಅಚ್ಚು ನಿನಗೆ ಬೇಡದಿದ್ರೆ ಬಿಡು, ನನಗೆ ಬೇಕು."

"ನಿಜವಾಗ್ಲೂ ಬರ್ತೀಯಾ?"

"ಬರ್ದೇ ಎಲ್ಲಿಗೆ ಹೋಗ್ಲಿ? ನನಗೂ ನಿನ್ನ ಬಿಟ್ರೆ ಯಾರಿದ್ದಾರೆ?"

ಅವನು ಕಣ್ಣೊರೆಸಿಕೊಂಡು ಸುತ್ತಿಗೆ ಎತ್ತಿಕೊಂಡ. ಊಟದ ಹೊತ್ತಿಗೆಲ್ಲ ಬಾಗಿಲು ಮುಗಿದೇಹೋಯಿತು. ಅಚ್ಚಿನ ಮೇಲಿಟ್ಟರೆ ಒಂದು ಕೂದಲೂ ತೂರದಷ್ಟು ಸರಿಯಾಗಿ ಕೂತಿತು. ಅಣ್ಣ ಅದನ್ನು ಎರಡೂ ಕೈಯಲ್ಲಿ ಎತ್ತಿ ನನಗೆ ತೋರಿಸಿದ. ನಾನು ಹಿಂದೆ ಮುಂದೆ ತಿರುಗಿಸಿ ನೋಡಿದೆ, ಅಂಚಿನ ಮೇಲೆ ಬೆರಳಾಡಿಸಿದೆ.

"ಬಾಗು ಸರಿ ಬಂದಿಲ್ಲ ಅಣ್ಣ," ಅಂದೆ. "ನಾಳೆ ಇನ್ನೊಂದ್ಸಲ ಬಡಿ. ಬೆಳಿಗ್ಗೆ ಬರ್ತೀನಿ."