ಜೈಲಿನ ಅಡುಗೆ ಟೀಚರ್

“ಅಕ್ಕಾ, ಚಾಕು ಎಲ್ಲಿದೆ?” ಈರುಳ್ಳಿ ಮೂಟೆಯನ್ನು ಅಡುಗೆಮನೆಯ ನೆಲಕ್ಕಿಳಿಸುತ್ತ ದಪ್ಪ ಮೀಸೆಯವನು ಕೇಳಿದ. ಅವನ ಹಿಂದೆ ಇನ್ನಿಬ್ಬರು ದೊಡ್ಡ ಪಾತ್ರೆ ಹೊತ್ತು ನಿಂತಿದ್ದರು.

ಚಿಕ್ಕಮ್ಮ ಅಕ್ಕನ ಮಗಳನ್ನು ಪಕ್ಕಕ್ಕೆಳೆದರು. “ಯಾರೇ ಇವರು?”

“ಅಮ್ಮನ ಶಿಷ್ಯರು. ಜೈಲಿನಿಂದ ಬಿಡುಗಡೆಯಾದವರು.”

ಚಿಕ್ಕಮ್ಮನ ಕೈ ತಾನಾಗಿ ಕಿವಿಯೋಲೆಗೆ ಹೋಯಿತು. “ಅವರ ಕೈಗೆ ಚಾಕು ಬೇರೆ ಕೊಡ್ತೀಯಾ?”

“ಈರುಳ್ಳೀನ ಹಲ್ಲಲ್ಲಿ ಹೆಚ್ಚೋಕಾಗುತ್ತಾ ಚಿಕ್ಕಮ್ಮ?”

ತೀರಿಹೋದ ಅಮ್ಮನನ್ನು ಹಜಾರದಲ್ಲಿ ಮಲಗಿಸಿದ್ದರು. ಮಧ್ಯಾಹ್ನ ಮಣ್ಣು. ಬಂದ ಎಂಬತ್ತು ಜನರ ಊಟದ ಯೋಚನೆ ಮನೆಯವರಲ್ಲಿ ಒಬ್ಬರಿಗೂ ಬಂದಿರಲಿಲ್ಲ. ಈ ಮೂವರಿಗೆ ಬಂದಿತ್ತು.

*

ಇಪ್ಪತ್ತು ವರ್ಷದ ಹಿಂದೆ, ಹೋಟೆಲ್ ಕೆಲಸ ಬಿಟ್ಟು ಜೈಲಿನಲ್ಲಿ ಅಡುಗೆ ಕಲಿಸಲು ಹೋದ ಮೊದಲ ದಿನವೇ ಅಮ್ಮ ಕೈದಿಗಳಿಗೆ ಹೇಳಿಬಿಟ್ಟರು: “ಹೊರಗೆ ಏನು ಮಾಡಿ ಬಂದಿದ್ದೀರೋ ನನಗೆ ಬೇಡ. ಉಪ್ಪು ಜಾಸ್ತಿ ಹಾಕಿದರೆ ಮಾತ್ರ ಸುಮ್ಮನಿರಲ್ಲ.”

ಹಿಂದಿನಿಂದ ಒಬ್ಬ ಕಿಸಕ್ಕನೆ ನಕ್ಕ. ಇದೇ ಮೀಸೆಯವನು, ಆಗ ಮೀಸೆ ತೆಳ್ಳಗಿತ್ತು. ಮೊದಲ ಸೂಪು ಅವನ ಕೈಯಲ್ಲೇ ಮಾಡಿಸಿದರು. ಜೈಲರ್ ಒಂದು ಚಮಚ ಬಾಯಿಗಿಟ್ಟು ಹೊರಗೋಡಿದರು. ಟೀಚರ್ ಮಾತ್ರ ಇಡೀ ಬಟ್ಟಲು ಕುಡಿದು, ಎರಡು ಲೋಟ ನೀರನ್ನೂ ಕುಡಿದು, “ನಾಳೆ ಮತ್ತೆ ಮಾಡು” ಎಂದರು.

ಮನೆಯಲ್ಲಿ ಅವರು ಜೈಲಿನ ಸುದ್ದಿ ಎತ್ತುತ್ತಿರಲಿಲ್ಲ. ಮಗಳು ಮಾತ್ರ ಶಾಲೆಯಲ್ಲಿ “ಅಮ್ಮ ಎಲ್ಲಿ?” ಎಂದರೆ “ಜೈಲಲ್ಲಿ” ಎಂದು ಹೇಳಿ ಪೇಚಿಗೆ ಸಿಕ್ಕಿಕೊಳ್ಳುತ್ತಿದ್ದಳು. ಅಮ್ಮನಿಗೆ ತನಗಿಂತ ಆ ಕಳ್ಳರೇ ಹೆಚ್ಚು ಎಂಬ ಸಿಟ್ಟು ಅವಳಲ್ಲಿ ಇನ್ನೂ ಇತ್ತು.

*

“ಇದು ನಿಮಗೆ,” ಎಂದು ಮೀಸೆಯವನು ಚಿಕ್ಕ ಪಾತ್ರೆಯೊಂದನ್ನು ಮಗಳ ಮುಂದಿಟ್ಟ. “ಕ್ಯಾರೆಟ್ ಹಾಕಿಲ್ಲ.”

“ನನಗೆ ಕ್ಯಾರೆಟ್ ಆಗಲ್ಲ ಅಂತ ಯಾರು ಹೇಳಿದ್ದು?”

“ನೀವು ಕಿಟಕಿಯಿಂದ ಎಸೆದ ಕ್ಯಾರೆಟ್ಟು ಪಕ್ಕದ ಮನೆ ಯಜಮಾನರ ಬೋಳುತಲೆ ಮೇಲೆ ಬಿತ್ತಲ್ಲ, ಅದೂ ಗೊತ್ತು. ನಿಮ್ಮ ಸುದ್ದಿ ಇಲ್ಲದೆ ಒಂದು ದಿನವೂ ಕ್ಲಾಸ್ ಶುರುವಾಗಿಲ್ಲ. ನೀವು ಗಣಿತದಲ್ಲಿ ಪಾಸಾದಾಗ ಜೈಲಿಗೆಲ್ಲ ಕೇಕ್ ಹಂಚಿದ್ವಿ.”

ಮಗಳು ಗೋಡೆಯತ್ತ ತಿರುಗಿದಳು. “ಈರುಳ್ಳಿ ಘಾಟು,” ಎಂದಳು. ಈರುಳ್ಳಿ ಬೆಂದು ಅರ್ಧ ಗಂಟೆಯಾಗಿತ್ತು.

ಮಣ್ಣು ಮುಗಿಸಿ ಬಂದವರೆಲ್ಲ ಉಂಡರು. ಯೂನಿಫಾರ್ಮಿನಲ್ಲೇ ಬಂದಿದ್ದ ಅದೇ ಜೈಲರ್ ಎರಡು ಸಲ ಬಡಿಸಿಕೊಂಡರು. ಸಂಜೆ ಮಗಳು ಅಡುಗೆಮನೆಗೆ ಬಂದಾಗ ಅವರ ಟೋಪಿ ಫ್ರಿಜ್ಜಿನ ಮೇಲಿತ್ತು. ತೋಳು ಮಡಚಿಕೊಂಡು ಅವರು ತಟ್ಟೆ ತೊಳೆಯುತ್ತಿದ್ದರು. ಮೀಸೆಯವನು ಪ್ರತಿ ತಟ್ಟೆಯನ್ನೂ ಬೆಳಕಿಗೆ ಹಿಡಿದು ನೋಡುತ್ತಿದ್ದ.

“ಸಾರ್, ಜಿಡ್ಡು ಹೋಗಿಲ್ಲ.”

ಜೈಲರ್ ತಟ್ಟೆಯನ್ನು ಮತ್ತೆ ನೀರಿಗದ್ದಿದರು.