ಕ್ಲಚ್ಚಿಲ್ಲದ ಗಾಡಿ

ಒಂಟಿಗಾಲನಿಗೆ ಎರಡು ಕಾಲೂ ನೆಟ್ಟಗೇ ಇದ್ದವು. ಆದರೆ ಅವನು ಓಡಿಸುವ ಕಸದ ಲಾರಿಯಲ್ಲಿ ಎಡಗಾಲಿಗೆ ಕೆಲಸವಿರಲಿಲ್ಲ. ಕ್ಲಚ್ ತುಳಿದರೆ ಪೆಡಲ್ಲು ನೆಲಕ್ಕೆ ಬಿದ್ದು ಅಲ್ಲೇ ಮಲಗಿಬಿಡುತ್ತಿತ್ತು. ಮತ್ತೆ ಮೇಲೆ ಬರಬೇಕಾದರೆ ಪಾದದ ಬೆರಳು ತೂರಿಸಿ ಎತ್ತಬೇಕು. ಎತ್ತಿದರೂ ಪ್ರಯೋಜನವಿಲ್ಲ.

ಮಾಲೀಕನಿಗೆ ಹೇಳಿದ. "ನೋಡೋಣ" ಅಂದ ಮಾಲೀಕ. ಮಳೆಗಾಲ ಬಂತು, ಹೋಯಿತು, ಅವನು ನೋಡಲಿಲ್ಲ. ಕಸ ಅಷ್ಟು ದಿನ ಕಾಯುತ್ತದೆಯೇ? ಕೊಳೆಯುತ್ತದೆ. ಹಾಗಾಗಿ ಒಂಟಿಗಾಲ ಕಿವಿಯಿಂದ ಗಾಡಿ ಓಡಿಸುವುದನ್ನು ಕಲಿತ. ಇಂಜಿನ್ ಆಫ್ ಇದ್ದಾಗಲೇ ಮೊದಲ ಗೇರಿಗೆ ಹಾಕಿ ಚಾವಿ ತಿರುಗಿಸುವುದು. ಲಾರಿ ಒದೆ ತಿಂದ ಎಮ್ಮೆಯ ಹಾಗೆ ಮುಗ್ಗರಿಸಿ ಹೊರಡುತ್ತದೆ. ಓಟ ಹತ್ತಿದ ಮೇಲೆ ಆಕ್ಸಿಲರೇಟರಿನಿಂದ ಕಾಲು ತೆಗೆದು, ಗೇರನ್ನು ನ್ಯೂಟ್ರಲ್‌ಗೆ ಎಳೆದು ಕಾಯುವುದು. ಇಂಜಿನ್ನಿನ ಸದ್ದು ಇಳಿಯುತ್ತ ಇಳಿಯುತ್ತ ಚಕ್ರದ ಓಟಕ್ಕೆ ಹೊಂದುವ ಒಂದು ಗಳಿಗೆ ಬರುತ್ತದೆ. ಆಗ ಎರಡು ಬೆರಳು ಸಾಕು, ಬೆಣ್ಣೆಯಿಂದ ಕೂದಲೆಳೆದ ಹಾಗೆ ಎರಡನೇ ಗೇರು ಬೀಳುತ್ತದೆ. ಗಳಿಗೆ ತಪ್ಪಿತೋ, ಹಲ್ಲಿಗೆ ಹಲ್ಲು ತಾಗಿ ಗೇರ್‌ಬಾಕ್ಸು ಕಿರುಚಿಕೊಳ್ಳುತ್ತದೆ.

ಒಂದು ದಿನ ಮಾಲೀಕ ಅವನ ಪಕ್ಕದಲ್ಲಿ ಕೂತು ಲಾರಿ ನಿಲ್ಲಿಸುವ ಅಂಗಳದಿಂದ ಪೇಟೆಯವರೆಗೆ ಬಂದ. ವಾಪಸು ಬಂದು ಎಲ್ಲ ಡ್ರೈವರುಗಳನ್ನೂ ಕರೆದ.

"ನೋಡ್ರೋ, ಡ್ರೈವರ್ ಅಂದ್ರೆ ಇವನು. ಕ್ಲಚ್ಚು ಕ್ಲಚ್ಚು ಅಂತ ಅಳೋರೆಲ್ಲ ಇವನ ಹತ್ರ ಟ್ಯೂಷನ್ ಹೇಳಿಸ್ಕೊಳ್ಳಿ."

ಒಂಟಿಗಾಲ ಅಂದು ಎದೆಯುಬ್ಬಿಸಿ ಮನೆಗೆ ಹೋದ. ಎಡವಟ್ಟಾದದ್ದು ಅಲ್ಲೇ. ಅಂದಿನಿಂದ ಯಾವ ಲಾರಿಯ ಕ್ಲಚ್ ಹೋದರೂ ಹೋದದ್ದೇ. ರಿಪೇರಿಗೆಂದು ನಗರಸಭೆ ಕೊಡುವ ಹಣ ಮಾಲೀಕನ ಮನೆಯ ಮೇಲೆ ಇನ್ನೊಂದು ಮಹಡಿಯಾಗಿ ಏಳತೊಡಗಿತು.

"ಕಲಿತದ್ದು ಕಲಿತೆ, ತೋರಿಸೋಕೆ ಯಾಕೆ ಹೋದೆ ಮಾರಾಯ?" ಎಂದು ಉದ್ದನೆಯ ಡ್ರೈವರ್ ಚಹಾದ ಲೋಟ ಕುಕ್ಕಿದ. "ಮುಂದಿನ ಸಲ ಬ್ರೇಕ್ ಇಲ್ದೆ ಓಡಿಸಿ ತೋರ್ಸು. ಸ್ಟೀರಿಂಗೂ ದಂಡ ಅಂತ ಬಿಚ್ಕೊಂಡು ಹೋಗ್ತಾರೆ."

ಎಲ್ಲರೂ ನಕ್ಕರು. ಒಂಟಿಗಾಲನೂ ನಕ್ಕ. ಆದರೆ ಕೂತಲ್ಲಿ ಕೂರಲಾಗಲಿಲ್ಲ.

ಆಮೇಲೆ ಮಾವನ ಲಾರಿಯ ಸರದಿ ಬಂತು. ಮಾವ ಎಂದರೆ ಹೆಂಡತಿಯ ಅಪ್ಪ, ಅವನ ಕೈಗೆ ಮೊದಲು ಸ್ಟೀರಿಂಗ್ ಕೊಟ್ಟವನು. ಮಧ್ಯಾಹ್ನ ಖಾಲಿ ಅಂಗಳದಲ್ಲಿ ಅಳಿಯ ಪಕ್ಕದಲ್ಲಿ ಕೂತು ಕಲಿಸತೊಡಗಿದ.

"ಈಗ ಹಾಕಿ ಮಾವ."

ಕರ್ರ್ ಎಂದಿತು.

"ಸದ್ದು ಇಳೀತಲ್ಲ, ಕೇಳಿಸ್ಲಿಲ್ವಾ?"

"ಕೇಳಿಸ್ತು, ಕೇಳಿಸ್ತು."

ಮತ್ತೆ ಕರ್ರ್. ಒಂಟಿಗಾಲನಿಗೆ ಅನುಮಾನ ಬಂತು. ಮುಖವನ್ನು ಕಿಟಕಿಯ ಕಡೆ ತಿರುಗಿಸಿ, ಮಾಮೂಲಿ ದನಿಯಲ್ಲಿ, "ಮಾವ, ನಿಮ್ಮ ಅಂಗಿಗೆ ಬೆಂಕಿ ಹತ್ತಿದೆ" ಎಂದ.

"ಹೂಂ, ಸರಿ, ಸರಿ" ಎಂದ ಮಾವ.

ಒಂಟಿಗಾಲ ಕೈ ಚಾಚಿ ಇಂಜಿನ್ ಆಫ್ ಮಾಡಿದ. ಆಮೇಲೆ ಅವನು ಮಾವನ ಕಡೆ ತಿರುಗಿ, ತುಟಿ ಕಾಣುವ ಹಾಗೆ ಕೇಳಿದ.

"ಯಾವಾಗಿಂದ?"

"ಇಷ್ಟು ವರ್ಷ ಇಂಜಿನ್ ಪಕ್ಕ ಕೂತ್ರೆ ಕಿವಿ ಎಲ್ಲಿ ಉಳಿಯುತ್ತೆ ಅಳಿಯಾ? ಕ್ಲಚ್ ಮೇಲೆ ಪಾದ ಇತ್ತು, ಗಾಡಿ ಏನಂತಿದೆ ಅಂತ ಪಾದಕ್ಕೆ ಗೊತ್ತಾಗ್ತಿತ್ತು. ಈಗ ಅದನ್ನೂ ಕಿತ್ಕೊಂಡ್ರು." ಮಾವ ಸ್ಟೀರಿಂಗ್ ಮೇಲಿನ ಧೂಳು ಒರೆಸಿದ. "ಮಗಳಿಗೆ ಹೇಳ್ಬೇಡಿ. ಮಾಲೀಕಂಗಂತೂ ಹೇಳ್ಲೇಬೇಡಿ. ಮನೇಲಿ ಕೂರಿಸ್ಬಿಡ್ತಾನೆ."

ಮಗಳಿಗೆ ಗೊತ್ತಿತ್ತು. "ಅಮ್ಮ ಬಯ್ತಿದ್ರೆ ಅಪ್ಪ ನಗ್ತಾ ಕೂತಿದ್ರಲ್ಲ, ಅವತ್ತೇ ಗೊತ್ತಾಯ್ತು" ಎಂದಳು ಬಟ್ಟೆ ಮಡಿಸುತ್ತ. "ಈಗೇನ್ಮಾಡ್ತೀರಿ?"

"ಕಲಿಸ್ತೀನಿ."

"ಕಿವುಡನ ಮುಂದೆ ಕಿನ್ನರಿ ಬಾರಿಸ್ತೀರಾ?"

ಅವನು ಎದ್ದು ನೀರು ಕುಡಿದ. ಕೂತ. ಮತ್ತೆ ಎದ್ದ.

"ಕಾಲು ಅಲ್ಲಾಡಿಸ್ಬೇಡಿ" ಎಂದಳು ಹೆಂಡತಿ. ಎಡಗಾಲು ತಾನಾಗಿಯೇ ನೆಲ ಒತ್ತುತ್ತಿತ್ತು.

ಮರುದಿನ ಕಸದ ಗುಡ್ಡದಲ್ಲಿ ಆಗಬಾರದ್ದು ಆಗುವುದರಲ್ಲಿತ್ತು. ಅಲ್ಲಿ ಲಾರಿಯನ್ನು ಹಿಂದಕ್ಕೆ ಬಿಡಬೇಕು. ಕ್ಲಚ್ ಇದ್ದರೆ ಇಂಚಿಂಚಾಗಿ ಬಿಡಬಹುದು. ಇಲ್ಲದಿದ್ದರೆ ರಿವರ್ಸಿಗೆ ಹಾಕಿ ಚಾವಿ ತಿರುಗಿಸಿದೊಡನೆ ಲಾರಿ ಹಿಂದಕ್ಕೆ ನೆಗೆಯುತ್ತದೆ. ಮಾವನ ಲಾರಿ ನೆಗೆಯಿತು. ಹಿಂದೆ ಕಸ ತುಂಬುವ ದೊಡ್ಡಕ್ಕ ಇದ್ದಳು. "ನಿಲ್ಸಿ, ನಿಲ್ಸಿ" ಎಂದು ಕೂಗಿದಳು. ಮಾವನಿಗೆ ಅದು ಹೇಗೆ ಕೇಳಿಸಬೇಕು? ಅವಳು ಪಕ್ಕಕ್ಕೆ ಹಾರಿದಳು. ಅವಳ ತಳ್ಳುಗಾಡಿ ತಗಡಿನ ಹಾಳೆಯಾಯಿತು.

ಒಂಟಿಗಾಲ ಓಡಿ ಬಂದಾಗ ಅವಳು ಕಸದಲ್ಲೇ ಕೂತು ಮೊಣಕಾಲು ಸವರಿಕೊಳ್ಳುತ್ತಿದ್ದಳು.

"ಇವತ್ತು ಕಾಲು ನನ್ನ ಹತ್ರಾನೇ ಇದೆ ಕಣೋ ತಮ್ಮಾ" ಎಂದಳು. "ನಾಳೆ ಯಾರ ಹತ್ರ ಇರುತ್ತೋ."

ಮಾವ ಇಳಿದು ಬಂದು ಅವಳನ್ನು ಎತ್ತಿ ನಿಲ್ಲಿಸಿದ.

ಸಂಜೆ ಮಾಲೀಕ ತಳ್ಳುಗಾಡಿಯನ್ನು ಮಾತ್ರ ನೋಡಿದ. "ಮುದುಕಂಗೆ ನಾಳೆ ಒಂದಿನ ಟೈಮು. ಓಡಿಸೋಕೆ ಬಂದ್ರೆ ಓಡಿಸ್ಲಿ, ಇಲ್ಲಾಂದ್ರೆ ಮನೆಗೆ ಹೋಗ್ಲಿ. ಅಳಿಯ ಓಡಿಸ್ತಿಲ್ವಾ? ಮಾವಂಗೇನು ದೊಡ್ಡ ರೋಗ?"

ಅಳಿಯ ಓಡಿಸ್ತಿಲ್ವಾ. ಆ ಮಾತು ಮುಳ್ಳಿನ ಹಾಗೆ ಚುಚ್ಚಿ ಅಲ್ಲೇ ಉಳಿಯಿತು. ಮಾವನನ್ನು ಮನೆಗೆ ಕಳಿಸುತ್ತಿರುವುದು ಮಾಲೀಕನಲ್ಲ, ತನ್ನ ಈ ಎರಡು ಬೆರಳು ಎನಿಸಿತು. ಆ ಸಂಜೆ ಅವನು ಮನೆಗೆ ಹೋಗುವ ಮೊದಲು ಉದ್ದನೆಯ ಡ್ರೈವರನ ಮನೆಗೆ ಹೋದ. ಅಲ್ಲಿಂದ ಇನ್ನೊಬ್ಬನ ಮನೆಗೆ. ದೊಡ್ಡಕ್ಕನ ಮನೆಗೂ.

ಬೆಳಿಗ್ಗೆ ಅವನ ಲಾರಿ ಅಂಗಳದ ಗೇಟಿಗೆ ಅಡ್ಡ ನಿಂತಿತ್ತು. ಮೂತಿ ಗೇಟಿನ ಕಂಬದ ಕಡೆ. ಮೊದಲ ಗೇರಿನಲ್ಲಿ, ಇಂಜಿನ್ ಆಫ್. ಹಿಂದೆ ಉಳಿದ ಲಾರಿಗಳು ಸಾಲಾಗಿ ನಿಂತಿದ್ದವು. ಒಂಟಿಗಾಲ ಚಾವಿಯನ್ನು ಮಾಲೀಕನ ಕೈಗೆ ಕೊಟ್ಟ.

"ಕ್ಲಚ್ ಇಲ್ಲ ಸಾರ್. ನಂಗೆ ಓಡಿಸೋಕೆ ಬರಲ್ಲ."

"ನಿನ್ನೆ ಬರ್ತಿತ್ತು?"

"ನಿನ್ನೆ ಬರ್ತಿತ್ತು ಸಾರ್."

ಮಾಲೀಕ ಉದ್ದನೆಯ ಡ್ರೈವರನ ಕಡೆ ತಿರುಗಿದ. "ನೀನು ತೆಗಿಯೋ ಇದನ್ನ."

"ನಂಗೂ ಬರಲ್ಲ ಸಾರ್. ಟ್ಯೂಷನ್ನಲ್ಲಿ ಫೇಲು."

ಒಬ್ಬೊಬ್ಬರನ್ನೇ ಕೇಳಿದ. ಯಾರಿಗೂ ಬರುತ್ತಿರಲಿಲ್ಲ. ಕೊನೆಗೆ ಮಾವನ ಮುಂದೆ ನಿಂತ. ಅವನ ಬಾಯಿ ಆಡುವುದನ್ನು ಮಾವ ಗಮನವಿಟ್ಟು ನೋಡಿದ.

"ನಂಗೆ ಬರುತ್ತೆ ಸಾರ್" ಎಂದ ಮಾವ. "ಕ್ಲಚ್ ಹಾಕಿಸ್ಕೊಡಿ, ಈಗ್ಲೇ ಓಡಿಸ್ತೀನಿ."

"ಎಲ್ಲಾ ಒಂದಾಗಿದ್ದೀರಾ? ಇದೇನು ಬ್ರಹ್ಮವಿದ್ಯೆ ಅಂದ್ಕೊಂಡ್ರಾ?" ಮಾಲೀಕ ತಾನೇ ಲಾರಿ ಹತ್ತಿ ಬಾಗಿಲು ಎಳೆದುಕೊಂಡ. ಕಂಬದ ಬಳಿ ಇದ್ದವರು ಯಾರೂ ಹೇಳದೆಯೇ ದೂರ ಸರಿದರು.

ಚಾವಿ ತಿರುಗಿತು. ಲಾರಿ ನೆಗೆಯಿತು. ಮಾಲೀಕನ ಎಡಗಾಲು ಅಭ್ಯಾಸಬಲದಿಂದ ಕ್ಲಚ್ ತುಳಿಯಿತು. ಪೆಡಲ್ಲು ನೆಲ ಮುಟ್ಟಿತು, ಲಾರಿ ಕಂಬ ಮುಟ್ಟಿತು. ಇಂಜಿನ್ ಎರಡು ಸಲ ಕೆಮ್ಮಿ ನಿಂತಿತು.

ಯಾರೂ ನಗಲಿಲ್ಲ. ಒಳಗೆ ಮಾಲೀಕ ಹಣೆ ಒತ್ತಿ ಹಿಡಿದುಕೊಂಡು ಬಾಗಿಲು ತಳ್ಳುತ್ತಿದ್ದ. ಒಳಗಿನ ಹಿಡಿ ಯಾವಾಗಲೋ ಮುರಿದಿತ್ತು. ದಿನಾ ಹೊರಗಿನಿಂದ ಯಾರಾದರೂ ತೆಗೆಯಬೇಕು. ಆಚೆ ಕಡೆಯ ಬಾಗಿಲಿಗೆ ಈಚೆಗೆ ತಂತಿ ಬಿಗಿದಿತ್ತು. ಗಾಜು ಬೆರಳು ತೂರುವಷ್ಟು ಇಳಿದು ಸಿಕ್ಕಿಕೊಂಡಿತ್ತು.

"ಬಾಗ್ಲು ತೆಗೀರೋ" ಎಂದ ಮಾಲೀಕ ಆ ಸಂದಿಗೆ ಬಾಯಿ ಇಟ್ಟು.

ಒಂಟಿಗಾಲ ಎರಡು ಹೆಜ್ಜೆ ಮುಂದಿಟ್ಟ. ದೊಡ್ಡಕ್ಕ ಅವನ ತೋಳು ಹಿಡಿದು ನಿಲ್ಲಿಸಿ, ತಾನು ಕುಂಟುತ್ತ ಹೋಗಿ ಬಾಗಿಲಿಗೆ ಬೆನ್ನು ಒರಗಿಸಿ ನಿಂತಳು.

"ಮೊದ್ಲು ಕ್ಲಚ್ಚು ಸಾರ್" ಎಂದಳು. "ಆಮೇಲೆ ಬಾಗ್ಲು."